ಮರಳೆಂಬ ಮೊದಲ ಹಾಳೆ

ಕನ್ನಡದಲ್ಲಿ ಅಕ್ಷರ ಕಲಿತವರಲ್ಲಿ ಬಹುಮಂದಿ ಒಂಟೆಯನ್ನು ಮೊತ್ತಮೊದಲು ಕಂಡದ್ದು ರಾಜಸ್ಥಾನದ ಮರಳಿನಲ್ಲಲ್ಲ, ಮೃಗಾಲಯದಲ್ಲೂ ಅಲ್ಲ. ವರ್ಣಮಾಲೆಯ ತೆಳು ಪುಸ್ತಕದಲ್ಲಿ, ಒಕಾರದ ಪಕ್ಕದ ಚಿತ್ರದಲ್ಲಿ. ಅರಸನನ್ನೂ ಆನೆಯನ್ನೂ ಇಲಿಯನ್ನೂ ದಾಟಿ ಬರುವ ಮಗುವಿನ ಮುಂದೆ ಉದ್ದ ಕತ್ತಿನ, ಡುಬ್ಬದ ಬೆನ್ನಿನ ಆ ಪ್ರಾಣಿ ನಿಂತಿರುತ್ತಿತ್ತು; ಅದರ ಹಿಂದೆ ಚಿತ್ರಕಾರನು ಎಳೆದ ಎರಡು ಮೂರು ಅಲೆಯಂಥ ಗೆರೆಗಳೇ ಮರುಭೂಮಿ. ಬಾವಿಕಟ್ಟೆಯನ್ನೂ ಅಡಕೆಯ ತೋಟವನ್ನೂ ಬಿಟ್ಟು ಬೇರೇನನ್ನೂ ಕಾಣದ ಕಣ್ಣಿಗೆ, ನೀರಿಲ್ಲದ ನಾಡೊಂದು ಈ ಲೋಕದಲ್ಲಿ ಉಂಟೆಂಬ ಅರಿವನ್ನು ಮೊದಲು ಕೊಟ್ಟುದು ಆ ಒಂದು ಅಕ್ಷರ.

ಈ ಮಾತು ನನಗೆ ನೆನಪಾದುದು ಕಳೆದ ವರ್ಷ, ಮೆಲ್ಬರ್ನ್ ನಗರದ ಪಶ್ಚಿಮದ ಬಡಾವಣೆಯೊಂದರ ಶಾಲೆಯಲ್ಲಿ, ಅಜ್ಜ ಅಜ್ಜಿಯರನ್ನು ತರಗತಿಗೆ ಕರೆಯುವ ದಿನದಂದು ಮೊಮ್ಮಗಳ ಪಕ್ಕದಲ್ಲಿ ಕುಳಿತಿದ್ದಾಗ. ಅಲ್ಲಿ ಶಾಲೆಯ ಮೊದಲ ವರ್ಷಕ್ಕೆ ಪ್ರೆಪ್ ಎನ್ನುತ್ತಾರೆ. ಅದನ್ನೇ ಸಿಡ್ನಿಯಲ್ಲಿ ಕಿಂಡರ್‌ಗಾರ್ಟನ್ ಎನ್ನುವುದು ವಾಡಿಕೆ. ಉಪಾಧ್ಯಾಯಿನಿಯು ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿಕೊಂಡು, ಪಮೇಲ ಫ್ರೀಮನ್ ಬರೆದು ಲಿಜ್ ಅನೆಲಿ ಚಿತ್ರ ರಚಿಸಿದ, 2016ರಲ್ಲಿ ಪ್ರಕಟವಾದ 'ಡೆಸರ್ಟ್ ಲೇಕ್' ಎಂಬ ಪುಸ್ತಕವನ್ನು ಓದುತ್ತಿದ್ದರು. ಆಸ್ಟ್ರೇಲಿಯದ ಒಳನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಕಾಟಿ ಥಾಂಡ–ಲೇಕ್ ಐರ್ ಎಂಬ ಉಪ್ಪಿನ ಸರೋವರವು ವರ್ಷಗಟ್ಟಲೆ ಒಣಗಿ ಬಿದ್ದಿದ್ದು, ದೂರದ ಮಳೆಯ ನೀರು ನದಿಗಳಲ್ಲಿ ಹರಿದು ಬಂದಾಗ ಒಮ್ಮೆಗೇ ಜೀವ ತಳೆಯುವ ಕಥೆ ಅದು; ಉಪ್ಪಿನ ಹೊರಪದರದ ಕೆಳಗೆ ಅಡಗಿದ್ದ ಜೀವಿಗಳು ಏಳುತ್ತವೆ, ಎಲ್ಲಿಂದಲೋ ಹಕ್ಕಿಗಳು ಬರುತ್ತವೆ, ಮತ್ತೆ ನೀರು ಇಂಗುತ್ತದೆ. ಓದು ಮುಗಿದ ಮೇಲೆ ಪ್ರತಿ ಮೇಜಿಗೂ ಕೆಂಪು ಮರಳು ಹರಡಿದ ಅಗಲವಾದ ತಟ್ಟೆಯೊಂದು ಬಂದಿತು. ಕಥೆಯಲ್ಲಿ ಬಂದ ಪದಗಳ ಮೊದಲ ಅಕ್ಷರವನ್ನು ಮಕ್ಕಳು ಬೆರಳಿನಿಂದ ಮರಳಿನಲ್ಲಿ ತಿದ್ದಬೇಕು. ನನ್ನ ಮೊಮ್ಮಗಳು ಒಂದು ಅಕ್ಷರವನ್ನು ಬರೆದಳು. ಅದು ಸೊಟ್ಟಗಾಯಿತೆಂದು ಅಂಗೈಯಿಂದ ಮರಳನ್ನು ಸವರಿ ಸಮಮಾಡಿ, ಮತ್ತೆ ಬರೆದಳು.

ಆ ಅಂಗೈಯ ಸವರಿಕೆ ನನಗೆ ಹೊಸದಾಗಿರಲಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಮರಳಿಗೆ ಹೊಯಿಗೆ ಎನ್ನುತ್ತೇವೆ. ನನ್ನ ಅಜ್ಜ ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಅಕ್ಷರ ತಿದ್ದಿದವರು. ಮುಪ್ಪಿನಲ್ಲಿಯೂ ಜಗಲಿಯ ಧೂಳಿನಲ್ಲಿ ತೋರುಬೆರಳಿನಿಂದ ಲೆಕ್ಕ ಬರೆದು, ಮುಗಿದೊಡನೆ ಅಂಗೈಯಿಂದ ಒಂದೇ ಬಾರಿಗೆ ಅಳಿಸಿಬಿಡುತ್ತಿದ್ದರು. ಹತ್ತು ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ನೂರು ವರ್ಷಗಳ ಅನಂತರ, ಅದೇ ಕೈಯ ಅದೇ ಚಲನೆಯನ್ನು ಕಂಡ ಮೇಲೆ, ಮರುಭೂಮಿಯ ಚಿತ್ರಪುಸ್ತಕವನ್ನೂ ಮರಳಿನ ತಟ್ಟೆಯನ್ನೂ ಎಳೆಯರ ಅಕ್ಷರಾಭ್ಯಾಸಕ್ಕೆ ಬಳಸುವ ಈ ಪದ್ಧತಿ ಎಲ್ಲಿಂದ ಹೊರಟು ಎಲ್ಲಿಗೆ ಬಂದುದೆಂದು ವಿಚಾರಿಸದೆ ಇರಲಾಗಲಿಲ್ಲ.

ವಿಚಾರಿಸಿದರೆ, ದಾರಿಯ ಒಂದು ತುದಿ ಕನ್ನಡನಾಡಿನಲ್ಲಿಯೇ ಇದೆ. 1623ರಲ್ಲಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಸಂಗಡ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯೊಬ್ಬನು ಗೇರುಸೊಪ್ಪೆಯ ಕಡೆಯಿಂದ ಘಟ್ಟವನ್ನು ಹತ್ತಿದನು. ದಾರಿಯಲ್ಲಿ ಒಂದು ಹನುಮಂತನ ಗುಡಿಯ ಮುಖಮಂಟಪದಲ್ಲಿ ವಿಶ್ರಮಿಸುತ್ತಿದ್ದಾಗ ಅವನ ಕಣ್ಣಿಗೆ ಬಿದ್ದವರು ನಾಲ್ವರು ಹುಡುಗರು. ಅವರು ಒಂದೇ ರಾಗದಲ್ಲಿ ಮಗ್ಗಿಯನ್ನು ಹಾಡಿಕೊಳ್ಳುತ್ತ, ಹಾಡಿದುದನ್ನು ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ, ಬೇಕಾದರೆ ಎದುರಿಗಿದ್ದ ಚಿಕ್ಕ ರಾಶಿಯಿಂದ ಹೊಸ ಮರಳನ್ನು ಚೆಲ್ಲಿಕೊಳ್ಳುತ್ತಿದ್ದರು. ಗುರು ಅಲ್ಲಿರಲಿಲ್ಲ, ಒಬ್ಬರಿಗೊಬ್ಬರು ಗುರುಗಳಾಗಿ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಕಾಗದವೂ ಲೇಖನಿಯೂ ಇಲ್ಲದೆ ಪಾಠ ನಿಶ್ಚಿಂತೆಯಿಂದ ಸಾಗುತ್ತಿದ್ದುದನ್ನು ಕಂಡು ಅವನು ಬೆರಗಾಗಿ ತನ್ನ ಪತ್ರದಲ್ಲಿ ಅದನ್ನು ವಿವರವಾಗಿ ಬರೆದಿಟ್ಟನು. ಅಂದಿನ ಕರ್ನಾಟಕದ ಶಾಲೆಯ ಇಷ್ಟು ಸ್ಪಷ್ಟವಾದ ಚಿತ್ರ ನಮ್ಮವರ ಬರವಣಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಒಬ್ಬ ಪರದೇಶದ ದಾರಿಹೋಕನಿಗೆ ಅದಕ್ಕಾಗಿ ನಾವು ಋಣಿಗಳು. ಆದರೆ ಆ ಪದ್ಧತಿ ಅಂದೇ ಬಹು ಹಳೆಯದಾಗಿದ್ದಿತು. ಗಣಿತಕ್ಕೆ ನಮ್ಮ ಪೂರ್ವಿಕರು ಧೂಳೀಕರ್ಮವೆಂಬ ಹೆಸರನ್ನೇ ಇಟ್ಟಿದ್ದರಲ್ಲವೆ?

ಮುಂದಿನ ಕೊಂಡಿ ಮದರಾಸಿನದು. ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರಿಗಾಗಿ ನಡೆಯುತ್ತಿದ್ದ ಆಶ್ರಮಶಾಲೆಯ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಒಂದು ದಿನ ಕುದುರೆಯ ಮೇಲೆ ಹೋಗುತ್ತಿರುವಾಗ ನಾಡಶಾಲೆಯೊಂದರ ಮಕ್ಕಳು ನೆಲದಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡನು. ಅದನ್ನು ಅವನು ಮಲಬಾರಿನ ಶಾಲೆ ಎಂದು ಕರೆದಿದ್ದಾನೆ. ತಮಿಳರನ್ನು ಸಹ ಮಲಬಾರಿನವರೆಂದು ಕರೆಯುವ ರೂಢಿ ಅಂದಿನ ಇಂಗ್ಲಿಷರಿಗೆ ಇದ್ದಿತು. ತನ್ನ ಶಾಲೆಯಲ್ಲಿ ಮರಳಿನ ಬರಹವನ್ನು ಜಾರಿಗೆ ತರಹೊರಟಾಗ ಉಪಾಧ್ಯಾಯರು ಮನಸ್ಸು ಮಾಡಲಿಲ್ಲ. ಆಗ ಅವನು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಚಿಕ್ಕಮಕ್ಕಳ ತರಗತಿಯನ್ನು ಒಪ್ಪಿಸಿದನು. ಆ ಹುಡುಗ ಮರಳಿನಲ್ಲಿ ಅಕ್ಷರ ಕಲಿಸಿ ಗೆದ್ದನು. ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವುದು, ಮರಳಿನ ಮೇಲೆ ಬರೆಯಿಸುವುದು, ಇವೆರಡನ್ನೂ ಸೇರಿಸಿ ಬೆಲ್ ಕಟ್ಟಿದ ಪದ್ಧತಿಗೆ ಇಂಗ್ಲೆಂಡಿನಲ್ಲಿ ಮದರಾಸ್ ಪದ್ಧತಿ ಎಂದೇ ಹೆಸರಾಯಿತು. ಅವನ ವರದಿ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೇಲೆ, ಬಡಮಕ್ಕಳ ಶಾಲೆಗಳಲ್ಲಿ ಮರಳಿನ ಹಲಗೆ ಪರಿಚಿತ ವಸ್ತುವಾಯಿತು. 1820ರಲ್ಲಿ ಥಾಮಸ್ ರೆಡಾಲ್ ಎಂಬ ಪಾದ್ರಿಯು ಸಿಡ್ನಿಗೆ ಬಂದಿಳಿದನು; ನ್ಯೂ ಸೌತ್ ವೇಲ್ಸ್ ವಸಾಹತಿನ ಶಾಲೆಗಳಲ್ಲಿ ಇದೇ ಬೆಲ್ ಪದ್ಧತಿಯನ್ನು ನೆಲೆಗೊಳಿಸುವುದು ಅವನಿಗೆ ವಹಿಸಿದ್ದ ಕಾರ್ಯ. ಘಟ್ಟದ ಗುಡಿಯ ಮಂಟಪದಲ್ಲಿ ನಾಲ್ವರು ಹುಡುಗರು ಬಳಸುತ್ತಿದ್ದಂಥ ಉಪಾಯವು, ಮದರಾಸನ್ನೂ ಲಂಡನ್ನನ್ನೂ ಸುತ್ತಿಕೊಂಡು, ಹೀಗೆ ಆಸ್ಟ್ರೇಲಿಯದ ಬಂದರನ್ನು ಮುಟ್ಟಿತು.

ವಸಾಹತಿನವರು ಮರಳಿನಲ್ಲಿ ಬರೆಯುವ ಉಪಾಯವನ್ನು ಭಾರತದಿಂದ ಎರವಲು ತಂದರೇ ಹೊರತು, ತಾವು ಕಾಲಿಟ್ಟ ಖಂಡದ ಒಳನಾಡಿನಲ್ಲಿ ಮರಳೇ ಹಾಳೆಯಾಗಿ, ಬೆರಳೇ ಲೇಖನಿಯಾಗಿ, ಎಣಿಕೆಗೆ ನಿಲುಕದಷ್ಟು ಕಾಲದಿಂದ ಒಂದು ವಿದ್ಯೆ ನಡೆದುಬರುತ್ತಿದೆ ಎಂಬುದನ್ನು ಕಾಣಲಿಲ್ಲ. ಕಾಣುವುದಕ್ಕೆ ಅವರಿಗೆ ನೂರೈವತ್ತು ವರ್ಷ ಬೇಕಾಯಿತು. ಈ ಕುರುಡಿನ ಪ್ರಮಾಣ ತಿಳಿಯಬೇಕಾದರೆ ಅವರ ಶಾಲೆಯ ಪಾಠಗಳಲ್ಲಿ ಮರುಭೂಮಿ ಯಾವ ರೂಪದಲ್ಲಿ ಬರುತ್ತಿತ್ತೆಂಬುದನ್ನು ನೋಡಬೇಕು.

ಅಲ್ಲಿ ಅದು ಸಾವಿನ ರೂಪದಲ್ಲಿ ಬರುತ್ತಿತ್ತು. 1860ರ ಆಗಸ್ಟ್ 20ರಂದು ಮೆಲ್ಬರ್ನಿನ ರಾಯಲ್ ಪಾರ್ಕಿನಿಂದ ಬರ್ಕ್ ಮತ್ತು ವಿಲ್ಸ್ ಎಂಬುವರ ಶೋಧಯಾತ್ರೆ ಹೊರಟಿತು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವುದು ಅದರ ಉದ್ದೇಶ. ಅದಕ್ಕಾಗಿ ಕರಾಚಿಯಿಂದ ಹಡಗಿನಲ್ಲಿ ಒಂಟೆಗಳನ್ನು ತರಿಸಿದ್ದರು. ಅವುಗಳ ಸಂಗಡ ದೋಸ್ತ್ ಮಹಮ್ಮದನೇ ಮೊದಲಾದ ಒಂಟೆಯಾಳುಗಳೂ ಬಂದಿದ್ದರು. ಅವರಲ್ಲಿ ಸಾಮ್ಲಾ ಎಂಬ ಹಿಂದೂ ಒಬ್ಬನಿದ್ದನು. ಅಲ್ಲಿ ಕೊಡುತ್ತಿದ್ದ ಆಹಾರವು ತನ್ನ ಧರ್ಮಕ್ಕೆ ಸಲ್ಲದೆ, ಹಸಿದೇ ನಡೆದು, ಕೆಲವೇ ದಿನಗಳಲ್ಲಿ ಅವನು ಯಾತ್ರೆಯಿಂದ ಬಿಡುಗಡೆ ಪಡೆದು ಹಿಂದಿರುಗಿದನೆಂದು ಆ ಯಾತ್ರೆಯ ದಾಖಲೆಗಳು ಹೇಳುತ್ತವೆ. ಮುಂದೆ ಅವನೇನಾದನೆಂದು ಹೇಳುವ ಪಾಠಪುಸ್ತಕವನ್ನು ನಾನು ನೋಡಿಲ್ಲ. ಆಸ್ಟ್ರೇಲಿಯದ ಒಳನಾಡಿನತ್ತ ಹೊರಟ ನಮ್ಮ ಉಪಖಂಡದ ಈ ಹಸಿದ ಮನುಷ್ಯನನ್ನು ಭಾರತೀಯ ಮಕ್ಕಳಿಗೆ ಯಾರಾದರೂ ಪರಿಚಯ ಮಾಡಿಕೊಡಬೇಕು. ಬರ್ಕ್ ಮತ್ತು ವಿಲ್ಸ್ ಇಬ್ಬರೂ 1861ರಲ್ಲಿ ಕೂಪರ್ ತೊರೆಯ ಬಳಿ ಹಸಿವಿನಿಂದ ಸತ್ತರು. ಜೊತೆಗಿದ್ದ ಜಾನ್ ಕಿಂಗ್ ಬದುಕಿದನು. ಏಕೆಂದರೆ ಯಂಡ್ರುವಂಡ ಜನ ಅವನಿಗೆ ಅನ್ನವಿಟ್ಟು ಕಾಪಾಡಿದರು. ಸತ್ತವರಿಗೆ 1865ರಲ್ಲಿ ಮೆಲ್ಬರ್ನಿನ ಬೀದಿಯಲ್ಲಿ ಕಂಚಿನ ಪ್ರತಿಮೆ ಎದ್ದಿತು, ಪಠ್ಯಗಳಲ್ಲಿ ಪಾಠವಾಯಿತು. ಅದೇ ನೆಲದಲ್ಲಿ ಮಕ್ಕಳುಮರಿ ಸಾಕಿಕೊಂಡು ಸುಖವಾಗಿದ್ದ ಜನರಿಗೆ ಆ ಪಾಠದಲ್ಲಿ ದೊರೆತುದು ಒಂದು ವಾಕ್ಯ, ಎರಡು ವಾಕ್ಯ.

ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದ ಮಕ್ಕಳು ತಲೆಮಾರುಗಳವರೆಗೆ ಓದಿದ ಇನ್ನೊಂದು ಕಥೆ ಇದೆ. 1864ರಲ್ಲಿ ಆ ರಾಜ್ಯದ ಪಶ್ಚಿಮದ ಒಣನಾಡಿನಲ್ಲಿ, ಇಂದು ಲಿಟಲ್ ಡೆಸರ್ಟ್ ಎಂದು ಕರೆಯುವ ಪ್ರದೇಶಕ್ಕೆ ಸಮೀಪದಲ್ಲಿ, ಪೊರಕೆಗಾಗಿ ಸೊಪ್ಪು ತರಲು ಹೋದ ಮೂವರು ಮಕ್ಕಳು ದಾರಿ ತಪ್ಪಿದರು. ಐಸಾಕ್, ಏಳು ವರ್ಷದ ಜೇನ್, ಎಲ್ಲರಿಗಿಂತ ಚಿಕ್ಕವನಾದ ಫ್ರಾಂಕ್. ರಾತ್ರಿಯ ಚಳಿಯಲ್ಲಿ ಜೇನ್ ತನ್ನ ಉಡುಪನ್ನು ಬಿಚ್ಚಿ ತಮ್ಮನಿಗೆ ಹೊದಿಸಿದಳು. ಒಂಬತ್ತನೆಯ ದಿನ ಮಕ್ಕಳು ಜೀವಸಹಿತ ಸಿಕ್ಕಿದರು. ಈ ಕಥೆ ವಿಕ್ಟೋರಿಯದ ನಾಲ್ಕನೆಯ ವಾಚನಪುಸ್ತಕದಲ್ಲಿ ಸೇರಿ, ಜೇನ್ ಡಫ್ ಎಂಬ ಹೆಸರು ಶಾಲೆಗೆ ಹೋದವರೆಲ್ಲರ ನಾಲಗೆಯ ಮೇಲೆ ನಿಂತಿತು. 1932ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಗೆ ಸ್ಮಾರಕವೂ ಎದ್ದಿತು. ಜೇನಳ ಅಕ್ಕರೆ ಕಣ್ಣೀರು ತರಿಸುವಂಥದು, ಸಂದೇಹವಿಲ್ಲ. ಆದರೆ ನನ್ನ ಮನಸ್ಸು ನಿಲ್ಲುವುದು ಮಕ್ಕಳನ್ನು ಕಂಡುಹಿಡಿದವರ ಬಳಿ. ಬಿಳಿಯರ ಗುಂಪುಗಳು ದಿನಗಟ್ಟಲೆ ಹುಡುಕಿ ಸೋತ ಮೇಲೆ ಕರೆಸಿದ ಮೂವರು ಮೂಲನಿವಾಸಿಗಳು, ಮಳೆ ಬಿದ್ದು ಅಳಿಸಿದ ನೆಲದಲ್ಲಿ ಮುರಿದ ಕಡ್ಡಿಯನ್ನೂ ಮಸುಕಾದ ಹೆಜ್ಜೆಯನ್ನೂ ಓದುತ್ತ ಓದುತ್ತ ಮಕ್ಕಳ ಬಳಿಗೆ ನಡೆದುಹೋದರು. ಅವರಲ್ಲೊಬ್ಬನಾದ ಡಿಕ್-ಎ-ಡಿಕ್ ಎಂಬಾತ ನಾಲ್ಕು ವರ್ಷಗಳ ಅನಂತರ, 1868ರಲ್ಲಿ, ಇಂಗ್ಲೆಂಡಿಗೆ ಹೋದ ಮೂಲನಿವಾಸಿಗಳ ಕ್ರಿಕೆಟ್ ತಂಡದಲ್ಲಿ ಆಡಿದನು. ಓದು ಕಲಿಸುವುದಕ್ಕೆಂದೇ ಅಚ್ಚಾದ ಪುಸ್ತಕವೊಂದು, ಲೋಕದ ಅತ್ಯಂತ ಸೂಕ್ಷ್ಮವಾದ ಓದೊಂದನ್ನು ವರ್ಣಿಸುತ್ತಿದ್ದರೂ, ಅದು ಓದು ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳಲಿಲ್ಲ.

ಮುಂದೆ ವಿಕ್ಟೋರಿಯದಲ್ಲಿ 1896ರಿಂದ ಸ್ಕೂಲ್ ಪೇಪರ್, ಸಿಡ್ನಿಯಲ್ಲಿ 1916ರಿಂದ ಸ್ಕೂಲ್ ಮ್ಯಾಗಜೀನ್ ಎಂಬ ಶಾಲಾಪತ್ರಿಕೆಗಳು ಮಕ್ಕಳ ಕೈಗೆ ಬಂದುವು. 1951ರಲ್ಲಿ ವಿಕ್ಟೋರಿಯದ ಶಿಕ್ಷಣ ಇಲಾಖೆ ಎಳೆಯರಿಗಾಗಿ 'ಜಾನ್ ಅಂಡ್ ಬೆಟ್ಟಿ' ಎಂಬ ವರ್ಣಚಿತ್ರಗಳ ಪುಸ್ತಕವನ್ನು ಹೊರತಂದಿತು: ಅಚ್ಚುಕಟ್ಟಾದ ಉಡುಪಿನ ಅಣ್ಣ ತಂಗಿ, ಒಂದು ನಾಯಿ, ಒಂದು ಬೆಕ್ಕು, ಜಿಗಿತ, ಓಟ. ಸುಂದರವಾದ ಪುಸ್ತಕ. ಖಂಡದ ಬಹುಭಾಗವನ್ನು ಆವರಿಸಿರುವ ಕೆಂಪು ನೆಲದ ಒಂದು ಹಿಡಿ ಮಣ್ಣೂ ಅದರಲ್ಲಿಲ್ಲ.

ಹೀಗಿರುವಾಗ 1971ರಲ್ಲಿ ಸಿಡ್ನಿಯ ಜೆಫ್ರಿ ಬಾರ್ಡನ್ ಎಂಬ ಮೂವತ್ತರ ಹರೆಯದ ಚಿತ್ರಕಲಾ ಉಪಾಧ್ಯಾಯನು, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದ ಪಪುನ್ಯ ಎಂಬ ಊರಿನ ಶಾಲೆಗೆ ಹೋದನು. ಬೇರೆ ಬೇರೆ ಭಾಷೆಗಳ ಮರುಭೂಮಿಯ ಜನರನ್ನು ತಂದು ಒಟ್ಟುಗೂಡಿಸಿದ್ದ, ದುಃಖ ತುಂಬಿದ ಊರು ಅದು. ತರಗತಿಯಲ್ಲಿ ಮಕ್ಕಳು ಹೇಳಿದುದಕ್ಕೆ ತಕ್ಕಂತೆ ಕುದುರೆ ಸವಾರರನ್ನೂ ಮನೆಗಳನ್ನೂ ಬರೆಯುತ್ತಿದ್ದರು. ಆದರೆ ಹೊರಗೆ, ಬಿಡುವಿನ ವೇಳೆಯಲ್ಲಿ, ಅವೇ ಮಕ್ಕಳು ಮಾತನಾಡುತ್ತ ಮರಳಿನಲ್ಲಿ ಬೆರಳಿನಿಂದ ಬೇರೆಯೇ ಗೆರೆಗಳನ್ನು ಎಳೆಯುತ್ತಿದ್ದುದನ್ನು ಬಾರ್ಡನ್ ಗಮನಿಸಿದನು. ಅವನು ಮಕ್ಕಳನ್ನು ಕೇಳಿಕೊಂಡುದು ಇಷ್ಟೇ: ಆ ಗೆರೆಗಳನ್ನೇ ಒಳಗೆ ಬಂದು ಬರೆಯಿರಿ. ಈ ಒಂದು ಕೋರಿಕೆಯಿಂದ ಏನೇನಾಯಿತೆಂಬುದು ಇಂದು ಕಲಾಚರಿತ್ರೆ. ಊರ ಹಿರಿಯರು ಆಸಕ್ತರಾದರು. ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕನಸು ಎಂಬ ತಮ್ಮ ಪುರಾಣಕಥೆಯನ್ನು ಬರೆಯಲು ಒಪ್ಪಿದರು. ಗೋಡೆಯ ಮೇಲೆ ಇರುವೆ ಮೊದಲು ಪಾಶ್ಚಾತ್ಯ ಪುಸ್ತಕದ ಇರುವೆಯಂತೆಯೇ ಮೂಡಿದಾಗ, ಇದು ಯಾರ ಇರುವೆ, ನಿಮ್ಮದೋ ಬಿಳಿಯರದೋ ಎಂದು ಬಾರ್ಡನ್ ಕೇಳಿದನಂತೆ. ಹಿರಿಯರು ತಮ್ಮಲ್ಲಿ ಆಲೋಚಿಸಿ, ಅದನ್ನು ಅಳಿಸಿ, ತಮ್ಮ ಪರಂಪರೆಯ ಚಿಹ್ನೆಯಲ್ಲಿ ಜೇನಿರುವೆಯನ್ನು ಬರೆದರು. 1972ರಲ್ಲಿ ಆ ಚಿತ್ರಕಾರರು ಪಪುನ್ಯ ತುಲ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಅವರ ಚಿತ್ರಗಳು ಲೋಕದ ವಸ್ತುಸಂಗ್ರಹಾಲಯಗಳಿಗೆ ಹೋದವು. ಗೋಡೆಯ ಚಿತ್ರವನ್ನು ಮಾತ್ರ 1974ರಲ್ಲಿ ದುರಸ್ತಿಯ ಕೆಲಸದವರು ಬಣ್ಣ ಬಳಿದು ಮುಚ್ಚಿಬಿಟ್ಟರು. ಓದುವಾಗ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುವ ಸಂಗತಿ ಅದು.

ಮಕ್ಕಳು ಮರಳಿನಲ್ಲಿ ಎಳೆಯುತ್ತಿದ್ದ ಗೆರೆಗಳು ಬರಿಯ ಆಟವಲ್ಲ. ಮಧ್ಯ ಆಸ್ಟ್ರೇಲಿಯದ ಹೆಂಗಸರು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಮುಂದಿನ ಮರಳನ್ನು ಅಂಗೈಯಿಂದ ಸಮಮಾಡಿ, ಹಾಡುತ್ತ ಹೇಳುತ್ತ ಕಥೆಯನ್ನು ಬರೆಯುತ್ತಾರೆ. ಕುದುರೆಯ ಲಾಳದಂಥ ಒಂದು ಗೆರೆ ಎಂದರೆ ಕುಳಿತಿರುವ ಮನುಷ್ಯ, ಏಕೆಂದರೆ ಮರಳಿನಲ್ಲಿ ಕಾಲು ಮಡಿಸಿ ಕುಳಿತು ಎದ್ದರೆ ಉಳಿಯುವ ಗುರುತು ಅದೇ. ಒಂದರೊಳಗೊಂದು ವೃತ್ತಗಳೆಂದರೆ ಬೀಡು ಅಥವಾ ನೀರಿನ ತಾಣ. ಉದ್ದನೆಯ ಗೆರೆ ದಾರಿ. ಬಾಣದಂಥ ಗುರುತು ಎಮು ಪಕ್ಷಿಯ ಹೆಜ್ಜೆ. ಕೆಲವೆಡೆ ಎಲೆಗಳನ್ನು ನಿಲ್ಲಿಸಿ ಕಥೆಯ ಪಾತ್ರಗಳನ್ನಾಗಿ ಮಾಡುವುದುಂಟು. ಒಂದು ದೃಶ್ಯ ಮುಗಿದರೆ ಅಂಗೈಯಿಂದ ಎಲ್ಲವನ್ನೂ ಸವರಿ, ಮುಂದಿನ ದೃಶ್ಯಕ್ಕೆ ಮರಳನ್ನು ಅಣಿಮಾಡುತ್ತಾರೆ. ಪುಟ ತಿರುಗಿಸುವುದೆಂದರೆ ಇದಲ್ಲದೆ ಮತ್ತೇನು? ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಭಾಷಾವಿಜ್ಞಾನಿ ಜೆನಿಫರ್ ಗ್ರೀನ್ ಈ ಮರಳುಕಥೆಗಳನ್ನು ದೀರ್ಘಕಾಲ ಅಭ್ಯಾಸಮಾಡಿ 2014ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಮಾತು, ಹಾಡು, ಕೈಸನ್ನೆ, ಚಿತ್ರ, ನಾಲ್ಕೂ ಒಂದೇ ಉಸಿರಿನಲ್ಲಿ ನಡೆಯುವ ಈ ಕಲೆಯ ಮುಂದೆ ನಮ್ಮ ಅಚ್ಚಿನ ಚಿತ್ರಪುಸ್ತಕವು ಎಳೆಯ ತಂಗಿಯಷ್ಟೇ ಎಂಬುದು ನನ್ನ ಅಭಿಪ್ರಾಯ.

ಈ ಹಿರಿಯಕ್ಕನ ಬಳುವಳಿ ಅಚ್ಚಿನ ಪುಸ್ತಕಕ್ಕೆ ಇಳಿದ ಬಗೆ ಹೀಗೆ. 1973ರಲ್ಲಿ, ಪಪುನ್ಯ ಇರುವ ಉತ್ತರ ಪ್ರಾಂತ್ಯದ ಶಾಲೆಗಳಲ್ಲಿ ಮಾತೃಭಾಷೆ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಕಲಿಸುವ ವ್ಯವಸ್ಥೆ ಆರಂಭವಾಯಿತು. ವಾರ್ಲ್ಪಿರಿ, ಪಿಂಟುಪಿ-ಲುರಿಚ ಮೊದಲಾದ ಮರುಭೂಮಿಯ ಭಾಷೆಗಳಲ್ಲಿ ಅದುವರೆಗೆ ಮಗುವಿಗೆ ಓದಲು ಕೊಡುವಂಥ ಪುಸ್ತಕವೇ ಇರಲಿಲ್ಲವೆನ್ನಬೇಕು. ಶಾಲೆಗಳು ತಾವೇ ಅಚ್ಚಿನ ಮನೆಗಳಾಗಿ, ಹಿರಿಯರು ಹೇಳಿದ ಕಥೆಗಳನ್ನು ಊರಿನವರೇ ಬರೆದ ಚಿತ್ರಗಳೊಡನೆ ಸಣ್ಣ ಸಣ್ಣ ಪುಸ್ತಕಗಳನ್ನಾಗಿ ಹೊರಡಿಸಿದವು. ನಮ್ಮಲ್ಲಿ ಪಂಜೆ ಮಂಗೇಶರಾಯರೂ ಅವರ ಗೆಳೆಯರೂ ಮಂಗಳೂರಿನಲ್ಲಿ ಕನ್ನಡದ ಮಕ್ಕಳಿಗಾಗಿ ಮಾಡಿದ ಕೆಲಸವನ್ನು ಬಲ್ಲವರಿಗೆ ಆ ಶ್ರಮದ ಬೆಲೆ ತಿಳಿಯುತ್ತದೆ. 2008ರಲ್ಲಿ ದಿನದ ಮೊದಲ ನಾಲ್ಕು ಗಂಟೆಗಳು ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬ ಸರ್ಕಾರದ ಅಪ್ಪಣೆ ಈ ವ್ಯವಸ್ಥೆಗೆ ಭಾರಿ ಪೆಟ್ಟು ಕೊಟ್ಟಿತು. ಆ ಪುಸ್ತಕಗಳು ನಾಶವಾಗದಂತೆ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾನಿಲಯವು ಅವನ್ನು ಸಂಗ್ರಹಿಸಿ ಕಾಪಾಡುತ್ತಿರುವುದು ದೊಡ್ಡ ಉಪಕಾರ.

ನಗರದ ಮಕ್ಕಳ ಕೈಗೆ ಮರುಭೂಮಿಯವರದೇ ಆದ ಪುಸ್ತಕ ಬಂದುದು ಇನ್ನೂ ತಡವಾಗಿ. 1992ರಲ್ಲಿ ಬ್ರೂಮ್ ಪಟ್ಟಣದ ಮಗಬಾಲ ಬುಕ್ಸ್ ಸಂಸ್ಥೆ ಪ್ರಕಟಿಸಿದ 'ಜರಾನಿ ರಫ್‌ಟೇಲ್' ಎಂಬ ಕಥಾಸಂಗ್ರಹದಲ್ಲಿ ಕುಕಾಜ ಭಾಷೆಯೂ ಇಂಗ್ಲಿಷೂ ಜೊತೆಜೊತೆಯಾಗಿ ನಿಂತಿವೆ. 2001ರಲ್ಲಿ ಸಿಡ್ನಿಯ ಆಲನ್ ಅಂಡ್ ಅನ್ವಿನ್ ಪ್ರಕಾಶನದಿಂದ 'ಪಪುನ್ಯ ಸ್ಕೂಲ್ ಬುಕ್ ಆಫ್ ಕಂಟ್ರಿ ಅಂಡ್ ಹಿಸ್ಟರಿ' ಹೊರಬಂದಿತು. ಲೇಖಕಿ ನಾಡಿಯ ವೀಟ್ಲಿ, ಚಿತ್ರಕಾರ ಕೆನ್ ಸರ್ಲ್ ಇಬ್ಬರೂ ಸಿಡ್ನಿಯಿಂದ ಆ ಶಾಲೆಗೆ ಹೋಗಿ ನೆರವಾದರು. ಆದರೆ ಕಥೆ, ಚಿತ್ರ, ನೋಟ ಎಲ್ಲ ಪಪುನ್ಯದ ಮಕ್ಕಳದು, ಉಪಾಧ್ಯಾಯರದು, ಹಿರಿಯರದು. ಹೀಗೆ ಬರ್ಕನಂಥವರ ಯಾತ್ರೆಗಳು ಎದುರುಬದಿಯಿಂದ, ಬಂದವರನ್ನು ನಿಂತು ನೋಡುತ್ತಿದ್ದವರ ಕಣ್ಣಿನಿಂದ, ಮಕ್ಕಳ ಪುಸ್ತಕದಲ್ಲಿ ಕಾಣಿಸಿಕೊಂಡುವು. ಪಪುನ್ಯದಲ್ಲಿ ಆ ಇಬ್ಬರು ಕಲಿತುದು ಒಂದು ಮುಖ್ಯ ತತ್ತ್ವ: ಮಗುವಿನ ಕಲಿಕೆ ಕಾಲಡಿಯ ನೆಲದಿಂದ ಆರಂಭವಾಗಿ ಸುರುಳಿಯಂತೆ ಹೊರಕ್ಕೆ ಹರಡಬೇಕು. ಅದನ್ನು ಅವರು ಸಿಡ್ನಿಗೆ ಮರಳಿ ತಂದು, ಮುಸ್ಲಿಂ, ಕ್ಯಾಥೊಲಿಕ್ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳನ್ನು ಒಂದುಗೂಡಿಸಿ ನಗರದೊಳಗಿನ ಕುರುಚಲು ಕಾಡಿನಲ್ಲಿ ನಡೆಸಿದರು; ಆ ಮಕ್ಕಳ ಬರಹ ಮತ್ತು ಚಿತ್ರಗಳಿಂದ 2011ರಲ್ಲಿ 'ಗೋಯಿಂಗ್ ಬುಷ್' ಎಂಬ ಚಿತ್ರಪುಸ್ತಕವಾಯಿತು. ಮರುಭೂಮಿಯ ಶಾಲೆ ಮಹಾನಗರಕ್ಕೆ ಪಾಠ ಹೇಳಿದ ಸಂದರ್ಭವಿದು.

ಸಿಡ್ನಿಯ ಮತ್ತೊಂದು ಪುಸ್ತಕವನ್ನು ಹೇಳದೆ ಮುಂದೆ ಹೋಗಲಾರೆ. ಜೀನಿ ಬೇಕರ್ ಅವರ 'ಮಿರರ್' 2010ರಲ್ಲಿ ಪ್ರಕಟವಾಗಿ, ಮರುವರ್ಷ ವರ್ಷದ ಚಿತ್ರಪುಸ್ತಕವೆಂಬ ರಾಷ್ಟ್ರೀಯ ಗೌರವವನ್ನು ಹಂಚಿಕೊಂಡಿತು. ಇದರಲ್ಲಿ ಕಥೆಗೆ ಮಾತುಗಳಿಲ್ಲ. ರಟ್ಟನ್ನು ತೆರೆದರೆ ಎರಡು ಪುಸ್ತಕಗಳು ಎದುರುಬದುರಾಗಿ ಬಿಚ್ಚಿಕೊಳ್ಳುತ್ತವೆ: ಎಡಗಡೆಯದು ಸಿಡ್ನಿಯ ಕುಟುಂಬವೊಂದರ ದಿನಚರಿ, ಇಂಗ್ಲಿಷಿನಂತೆ ಎಡದಿಂದ ಬಲಕ್ಕೆ ನಡೆಯುತ್ತದೆ, ಬಲಗಡೆಯದು ಮೊರಾಕ್ಕೊ ದೇಶದ ದಕ್ಷಿಣದ ಒಣನೆಲದ ಕುಟುಂಬದ್ದು, ಅರಬ್ಬಿಯಂತೆ ಬಲದಿಂದ ಎಡಕ್ಕೆ. ಅಲ್ಲಿಯ ತಾಯಿ ಮಗ್ಗದಲ್ಲಿ ನೇಯ್ದ ಜಮಖಾನವನ್ನು ತಂದೆಯೂ ಮಗನೂ ಸಂತೆಗೆ ಒಯ್ಯುತ್ತಾರೆ. ಇಲ್ಲಿಯ ತಂದೆ ಮಕ್ಕಳು ಅಂಗಡಿಯಿಂದ ಜಮಖಾನವೊಂದನ್ನು ಕೊಂಡು ತರುತ್ತಾರೆ. ಎರಡೂ ಒಂದೇ ಎಂಬುದನ್ನು ಯಾರೂ ಹೇಳುವುದಿಲ್ಲ. ಮಗು ತಾನೇ ಕಂಡುಹಿಡಿದು ಕೂಗಬೇಕು. ಚಿತ್ರಗಳನ್ನು ಬೇಕರ್ ಬಣ್ಣದಿಂದ ಬರೆದುದಲ್ಲ. ಮರಳು, ಮಣ್ಣು, ಬಟ್ಟೆ, ಉಣ್ಣೆ, ಒಣಗಿದ ಸಸ್ಯಗಳನ್ನು ಅಂಟಿಸಿ ಕಟ್ಟಿದುದು. ಇನ್ನೂ ಅಕ್ಷರವನ್ನೇ ಅರಿಯದ ಮಗು, ಮನೆಯಲ್ಲಿ ಬೇರೆ ಭಾಷೆಯಾಡುವ ಮಗು, ಆ ಪುಸ್ತಕದ ಮುಂದೆ ಯಾರಿಗೂ ಕಡಿಮೆಯಲ್ಲ; ಬಲದಿಂದ ಎಡಕ್ಕೆ ಓದುವ ಮನೆಯಿಂದ ಬಂದ ಮಗುವಂತೂ ತನ್ನ ಸಹಪಾಠಿಗಳಿಗೆ ಪುಟ ತಿರುಗಿಸುವುದನ್ನು ಕಲಿಸುವ ಗುರುವಾಗುತ್ತದೆ. ಘಟ್ಟದ ಆ ನಾಲ್ವರು ಹುಡುಗರ ಶಾಲೆ ನೆನಪಾಗುವುದಿಲ್ಲವೆ?

ಈಚಿನ ವರ್ಷಗಳಲ್ಲಿ ಎರಡು ರಾಜ್ಯಗಳಲ್ಲಿಯೂ ಓದು ಕಲಿಸುವ ಕ್ರಮ ಬದಲಾಗಿದೆ. ನ್ಯೂ ಸೌತ್ ವೇಲ್ಸಿನಲ್ಲಿ 2023ರಿಂದ ಎಳೆಯ ತರಗತಿಗಳಿಗೆ ಹೊಸ ಪಠ್ಯಕ್ರಮ ಕಡ್ಡಾಯವಾಯಿತು. ವಿಕ್ಟೋರಿಯದಲ್ಲಿ 2025ರಿಂದ ಪ್ರೆಪ್ ಮೊದಲ್ಗೊಂಡು ಎರಡನೆಯ ತರಗತಿಯವರೆಗೆ ದಿನಕ್ಕೆ ಕನಿಷ್ಠ 25 ನಿಮಿಷ ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಕ್ರಮವಾಗಿ ಕಲಿಸಬೇಕೆಂದಾಯಿತು. ಇದರಿಂದ ಚಿತ್ರಪುಸ್ತಕ ಮೂಲೆಗೆ ಬೀಳುವುದೆಂದು ಕೆಲವರು ಅಂಜುತ್ತಾರೆ. ಕಾಗುಣಿತವನ್ನು ತಿದ್ದಿ ತಿದ್ದಿ ಓದು ಕಲಿತ ನಮಗೆ ಧ್ವನಿಪಾಠ ಹೊಸದೂ ಅಲ್ಲ, ಹಗೆಯೂ ಅಲ್ಲ. ಮರಳಿನಲ್ಲಿ ಅಕ್ಷರ ತಿದ್ದುವುದು ಬೇಕು. ಯಾವ ಮರಳಿನ ಕಥೆಗಾಗಿ ತಿದ್ದುತ್ತಿದ್ದೇನೆಂಬುದು ಮಗುವಿಗೆ ಗೊತ್ತಿರುವುದೂ ಬೇಕು. ಆದರೆ ಒಂದು ಎಚ್ಚರಿಕೆಯನ್ನು ಅಲ್ಲಿಯ ಒಳ್ಳೆಯ ಉಪಾಧ್ಯಾಯರು ಈಗ ಪಾಲಿಸುತ್ತಾರೆ. ಪಪುನ್ಯದ ಚಿತ್ರಗಳ ಚುಕ್ಕಿಗಳನ್ನೂ ವೃತ್ತಗಳನ್ನೂ ಎಲ್ಲ ಮಕ್ಕಳಿಂದ ಸುಮ್ಮನೆ ನಕಲು ಮಾಡಿಸುವುದಿಲ್ಲ. ಪ್ರತಿಯೊಂದು ಕಥೆಗೂ ಅದನ್ನು ಹೇಳುವ ಅಧಿಕಾರವುಳ್ಳ ಮನೆತನವಿದೆ. ಹೊರಗೆ ತೋರಬಾರದ ಸಂಗತಿಗಳು ಚಿತ್ರಗಳಲ್ಲಿ ಬಂದುವೆಂದು ಮೊದಲ ವರ್ಷಗಳಲ್ಲಿಯೇ ಅಲ್ಲಿಯ ಹಿರಿಯರು ನೊಂದದ್ದುಂಟು. ಮಕ್ಕಳು ತಮ್ಮ ಮನೆಯಿಂದ ಶಾಲೆಗೆ ಬರುವ ದಾರಿಗೆ ತಾವೇ ಚಿಹ್ನೆಗಳನ್ನು ಕಲ್ಪಿಸಿ ಬರೆಯಲಿ ಎನ್ನುವ ಕ್ರಮವೇ ಸಾಧುವಾದುದು.

ಎರಡೂ ನಗರಗಳಲ್ಲಿ ವಾರದ ಕೊನೆಗೆ ಕನ್ನಡ ತರಗತಿಗಳು ನಡೆಯುತ್ತವೆ. ಸಿಡ್ನಿಯ ಪಶ್ಚಿಮದಲ್ಲಿ ಅಂಥದೊಂದು ತರಗತಿಯಲ್ಲಿ ಕುಳಿತು ನೋಡುವ ಭಾಗ್ಯ ನನ್ನದಾಯಿತು. ಮೆಲ್ಬರ್ನಿನಲ್ಲಿ ಕಂಡ ಮರಳಿನ ತಟ್ಟೆಯ ಮಾತನ್ನು ನಾನು ಹೇಳಿದುದನ್ನು ಕೇಳಿ, ಅಲ್ಲಿಯ ತಾಯಿಯೊಬ್ಬರು ಮುಂದಿನ ಭಾನುವಾರ ಒಂದು ಪಾತ್ರೆಯ ತುಂಬ ಮರಳು ತಂದರು. ಹುಡುಗನೊಬ್ಬ ಮರಳು ಎಂದು ಬರೆಯಹೋಗಿ ರಕಾರಕ್ಕೆ ಕೊಂಬು ಸೇರಿಸಿ ಮರುಳು ಎಂದು ಬರೆದನು. ಒಂದು ಕೊಂಬಿನಿಂದ ಹೊಯಿಗೆ ಹುಚ್ಚಾಗುತ್ತದೆಂದು ತಿಳಿದಾಗ ತರಗತಿಯೇ ಸಂತೋಷದಿಂದ ಗದ್ದಲ ಮಾಡಿತು. ಅದೇ ಮರಳು ಎಂಬ ಮಾತಿಗೆ ಹಿಂದಿರುಗು ಎಂಬ ಅರ್ಥವೂ ಉಂಟೆಂದು ಹೇಳಿದಾಗ ಮಕ್ಕಳಿಗಿಂತ ಹಿಂದೆ ಕುಳಿತಿದ್ದ ತಂದೆತಾಯಿಗಳು ಹೆಚ್ಚು ಹೊತ್ತು ಮೌನವಾಗಿದ್ದರು. ಬಳಿಕ ಬಿಸಿಲ್ಗುದುರೆ ಎಂಬ ಪದ ಬಂದಿತು. ಕಾದ ನೆಲದ ಮೇಲೆ ಗಾಳಿ ನಡುಗಿ ನೀರಿನಂತೆ ತೋರುವುದನ್ನು ಸಂಸ್ಕೃತದವರು ಮರೀಚಿಕೆ ಎಂದರೆ, ನಮ್ಮ ಹಿಂದಿನವರು ಅಲ್ಲಿ ಓಡುವ ಕುದುರೆಯನ್ನು ಕಂಡರು. ಉಲುರು ಬಂಡೆಗೆ ಹೋಗುವ ಹೆದ್ದಾರಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದ ಹುಡುಗಿಯೊಬ್ಬಳು ಒಡನೆಯೇ ಮರಳನ್ನು ಸವರಿ, ನಾಲ್ಕು ಕಾಲುಗಳೂ ಅಲೆಯಾಗಿ ಕರಗುತ್ತಿರುವ ಕುದುರೆಯೊಂದನ್ನು ಬರೆದಳು. ಅಷ್ಟು ಒಳ್ಳೆಯ ನಿಘಂಟಿನ ಅರ್ಥವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಹುಡುಗಿಯ ಕೈಗೆ ಕೊಡಲು ಮರುಭೂಮಿಯನ್ನು ಕುರಿತ ಕನ್ನಡದ ಚಿತ್ರಪುಸ್ತಕವೊಂದನ್ನು ಅಲ್ಲಿದ್ದವರೆಲ್ಲ ಹುಡುಕಿದೆವು. ತರಗತಿಯ ಪೆಟ್ಟಿಗೆಯಲ್ಲಿದ್ದುದು ಒಕಾರದ ಒಂಟೆ ಮಾತ್ರ. ವಿಷಯಕ್ಕೆ ನಮ್ಮಲ್ಲಿ ಬಡತನವಿಲ್ಲ. ಕಾವೇರಿಯ ದಡದಲ್ಲಿಯೇ ಗುಡಿಗಳನ್ನು ಮುಚ್ಚಿ ನಿಂತ ತಲಕಾಡಿನ ಮರಳು ನಮ್ಮದು. ಇಕ್ಕೇರಿಯ ದಾರಿಯ ನಾಲ್ವರು ಹುಡುಗರು ನಮ್ಮವರು. ಹಸಿದು ಹಿಂದಿರುಗಿದ ಸಾಮ್ಲಾ, ಕರಾಚಿಯಿಂದ ಹಡಗು ಹತ್ತಿದ ಒಂಟೆಗಳು, ಇವರ ಕಥೆಯನ್ನು ಕನ್ನಡದಲ್ಲಿ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸಿಡ್ನಿ ಮತ್ತು ಮೆಲ್ಬರ್ನಿನ ಕನ್ನಡಿಗರಲ್ಲಿ ಚಿತ್ರ ಬರೆಯಬಲ್ಲವರಿದ್ದಾರೆ, ಕಥೆ ಹೇಳಬಲ್ಲ ಅಜ್ಜಿಯರು ವರ್ಷಕ್ಕೆ ಆರು ತಿಂಗಳು ಅಲ್ಲಿಯೇ ಇರುತ್ತಾರೆ. ಹದಿನಾರು ಪುಟ ಸಾಕು. ಮುಂದಿನ ವಿಜಯದಶಮಿಗೆ, ಅಕ್ಕಿಯ ತಟ್ಟೆಯ ಮುಂದೆ ಮಗುವನ್ನು ಕೂರಿಸಿ ಓಂಕಾರ ಬರೆಯಿಸುವ ಹೊತ್ತಿಗೆ, ಅಂಥ ಒಂದು ಪುಸ್ತಕವನ್ನು ಸಿದ್ಧಮಾಡಿ ಆ ತಟ್ಟೆಯ ಪಕ್ಕದಲ್ಲಿ ಇಡಬೇಕೆಂದು ಅವರನ್ನು ನಾನು ಕೇಳಿಕೊಳ್ಳುತ್ತೇನೆ.